ಮಕ್ಕಳ ಬಾಯಿಗೆ ಮಾತು ಕೊಡುವ ಕಿರುಚಿತ್ರಗಳು

ಬೇಲಿಯೇ ಎದ್ದು ಹೊಲ ಮೇಯುವುದೆಂಬ ಗಾದೆಯನ್ನು ನಮ್ಮ ಹಿರಿಯರು ಸುಮ್ಮನೆ ಕಟ್ಟಿದ್ದಲ್ಲ. ಕಾಯಬೇಕಾದವನೇ ಕೆಡಿಸಿದರೆ ಯಾರಲ್ಲಿ ದೂರು ಕೊಡುವುದೆಂಬ ದಿಗಿಲು ಆ ಮಾತಿನೊಳಗಿದೆ. ಮಕ್ಕಳ ಮೇಲೆ ನಡೆಯುವ ದೌರ್ಜನ್ಯದ ವಿಷಯದಲ್ಲಿ ಈ ಗಾದೆ ಅಕ್ಷರಶಃ ನಿಜ. ಆದರೂ ಮರ್ಯಾದಸ್ಥರ ಮನೆಗಳಲ್ಲಿ ಇದು ಎತ್ತಬಾರದ ಮಾತಾಗಿಯೇ ಉಳಿದಿದೆ. ಮಗುವಿಗೆ ರಸ್ತೆ ದಾಟುವುದನ್ನು ಕಲಿಸುತ್ತೇವೆ, ಬಾವಿಕಟ್ಟೆಯ ಹತ್ತಿರ ಹೋಗಬೇಡವೆನ್ನುತ್ತೇವೆ, ಮಳೆಗಾಲದಲ್ಲಿ ತೋಡಿಗೆ ಇಳಿಯದಂತೆ ಗದರುತ್ತೇವೆ. ಆದರೆ ತನ್ನ ದೇಹವನ್ನು ಯಾರು ಮುಟ್ಟಬಹುದು, ಯಾರು ಮುಟ್ಟಬಾರದು, ಮುಟ್ಟಿದರೆ ಯಾರಿಗೆ ಹೇಳಬೇಕು ಎಂಬ ಪಾಠವನ್ನು ಮಾತ್ರ ಯಾರೂ ಹೇಳಿಕೊಡುವುದಿಲ್ಲ. ಹೇಳಬೇಕೆಂಬ ಮನಸ್ಸಿದ್ದವರಿಗೂ ಹೇಗೆ ಆರಂಭಿಸಬೇಕೆಂದು ತಿಳಿಯದು.

ಈ ಸಂಕೋಚದ ಗೋಡೆಯಲ್ಲಿ ಒಂದು ಸಣ್ಣ ಕಿಂಡಿ ತೆರೆಯುವ ಸಾಧನವಾಗಿ ಕಿರುಚಿತ್ರಗಳು ಇಂದು ಜಗತ್ತಿನ ಹಲವೆಡೆ ಬಳಕೆಯಲ್ಲಿವೆ. ಹತ್ತು ನಿಮಿಷದ ಒಂದು ಚಿತ್ರ, ಅದನ್ನು ನೋಡಿದ ಮೇಲೆ ಹತ್ತು ನಿಮಿಷದ ಒಂದು ಮಾತುಕತೆ. ಕೆಲಸ ಇಷ್ಟೇ. ಆದರೆ ಗಡಿನಾಡಿನಲ್ಲಿರುವ ನಮಗೆ ಇಲ್ಲಿ ಇನ್ನೊಂದು ಪ್ರಶ್ನೆಯೂ ಎದುರಾಗುತ್ತದೆ. ಆ ಚಿತ್ರ ಯಾವ ಭಾಷೆಯಲ್ಲಿರಬೇಕು? ಈ ಪ್ರಶ್ನೆ ಭಾಷಾಭಿಮಾನದ್ದಲ್ಲ, ಮಕ್ಕಳ ರಕ್ಷಣೆಯದ್ದು. ಅದನ್ನು ಓದುಗರ ಮುಂದಿಡುವುದೇ ಈ ಲೇಖನದ ಉದ್ದೇಶ.

ಅಂಕಿಅಂಶಗಳು ಹೇಳುವುದೇನು?

ಕೇಂದ್ರ ಸರಕಾರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯವು 2007ರಲ್ಲಿ ಒಂದು ದೊಡ್ಡ ಅಧ್ಯಯನದ ವರದಿಯನ್ನು ಪ್ರಕಟಿಸಿತು. ಕೇರಳವೂ ಸೇರಿದಂತೆ 13 ರಾಜ್ಯಗಳ 12,447 ಮಕ್ಕಳನ್ನು ಅದಕ್ಕಾಗಿ ಮಾತಾಡಿಸಲಾಗಿತ್ತು. ಅವರಲ್ಲಿ ಶೇಕಡಾ 53.22 ಮಂದಿ ಒಂದಲ್ಲ ಒಂದು ರೀತಿಯ ಲೈಂಗಿಕ ದೌರ್ಜನ್ಯಕ್ಕೆ ತಾವು ಒಳಗಾಗಿರುವುದಾಗಿ ತಿಳಿಸಿದರು. ಹಾಗೆ ತಿಳಿಸಿದವರಲ್ಲಿ ಹುಡುಗಿಯರಿಗಿಂತ ಹುಡುಗರ ಪ್ರಮಾಣವೇ ತುಸು ಹೆಚ್ಚು, ಶೇಕಡಾ 52.94. "ನಮ್ಮದು ಗಂಡು ಹುಡುಗ, ಅವನಿಗೇನು ಭಯ?" ಎಂದು ನಿಶ್ಚಿಂತೆಯಿಂದಿರುವ ಹೆತ್ತವರು ಈ ಸಂಖ್ಯೆಯನ್ನು ಒಮ್ಮೆ ನಿಧಾನವಾಗಿ ಓದಬೇಕು.

ಇನ್ನೊಂದು ಸಂಗತಿ ಇದಕ್ಕಿಂತಲೂ ಕಹಿಯಾದುದು. ದೌರ್ಜನ್ಯ ಎಸಗಿದವರಲ್ಲಿ ಸುಮಾರು ಅರ್ಧದಷ್ಟು ಮಂದಿ ಮಗುವಿಗೆ ಪರಿಚಿತರು, ಇಲ್ಲವೆ ಮಗು ನಂಬಿಕೊಂಡಿದ್ದವರು. ನೆಂಟರು, ನೆರೆಯವರು, ಮನೆಗೆ ಬಂದುಹೋಗುವವರು, ಕಲಿಸುವವರು. ಮತ್ತೆ, ಇಂತಹ ಅನುಭವವಾದ ಹೆಚ್ಚಿನ ಮಕ್ಕಳು ಅದನ್ನು ಯಾರೊಡನೆಯೂ ಹೇಳಿರಲಿಲ್ಲ.

ಹೇಳದಿರುವುದಕ್ಕೆ ಹೆದರಿಕೆ ಒಂದೇ ಕಾರಣವಲ್ಲ. ನಡೆದದ್ದು ತಪ್ಪೆಂದು ಎಳೆಯ ಮಗುವಿಗೆ ಗೊತ್ತಿರುವುದಿಲ್ಲ. ಗೊತ್ತಾದರೂ ಅದನ್ನು ಹೇಳಲು ಶಬ್ದಗಳಿರುವುದಿಲ್ಲ. ಶಬ್ದಗಳಿದ್ದರೂ, ಇಂತಹ ಮಾತನ್ನು ಮನೆಯಲ್ಲಿ ಆಡಬಹುದೆಂದು ಯಾರೂ ಅದಕ್ಕೆ ತಿಳಿಸಿರುವುದಿಲ್ಲ. "ಮಾವ ಹಾಗೆಲ್ಲ ಮಾಡುವವರಲ್ಲ, ನೀನು ಸುಳ್ಳು ಹೇಳುತ್ತೀ" ಎಂದು ಗದರಿಸಿಕೊಂಡ ಮಗು ಮತ್ತೆ ಬಾಯಿ ಬಿಡುವುದು ಕಷ್ಟ. ಹೀಗೆ ಮೂರು ಬೀಗಗಳು. ಒಳ್ಳೆಯ ಕಿರುಚಿತ್ರವೊಂದು ಈ ಮೂರಕ್ಕೂ ಕೀಲಿಕೈಯಾಗಬಲ್ಲದು.

ಅಪರಿಚಿತನಿಂದ ಪರಿಚಿತನವರೆಗೆ

ಇಂತಹ ಚಿತ್ರಗಳ ಚರಿತ್ರೆಯನ್ನು ನೋಡಿದರೆ ಸಮಾಜದ ತಿಳಿವಳಿಕೆ ಬೆಳೆದುಬಂದ ದಾರಿಯೂ ಕಾಣಿಸುತ್ತದೆ. ಬ್ರಿಟನ್ನಿನಲ್ಲಿ 1973ರಲ್ಲಿ 'ಚಾರ್ಲಿ ಸೇಸ್' ಎಂಬ ಸರಕಾರಿ ಚಿತ್ರಮಾಲೆ ಬಂತು. ಒಬ್ಬ ಹುಡುಗ, ಅವನ ಬೆಕ್ಕು ಚಾರ್ಲಿ. ನಿಮಿಷದೊಳಗೆ ಮುಗಿಯುವ ಸಣ್ಣ ಸಣ್ಣ ಪಾಠಗಳು. ಅವುಗಳಲ್ಲೊಂದರಲ್ಲಿ ನಾಯಿಮರಿಗಳನ್ನು ತೋರಿಸುವೆನೆಂದು ಕರೆಯುವ ಅಪರಿಚಿತನ ಜೊತೆ ಹೋಗಬಾರದೆಂಬ ಎಚ್ಚರಿಕೆಯಿತ್ತು. ಎಚ್ಚರಿಕೆ ಸರಿಯಾದುದೇ. ಆದರೆ ಅಪಾಯ ಯಾವಾಗಲೂ ಹೊರಗಿನಿಂದ ಬರುತ್ತದೆ, ಕಾಣದ ಊರಿನ ಕೆಟ್ಟ ಮನುಷ್ಯನ ರೂಪದಲ್ಲಿ ಬರುತ್ತದೆ ಎಂಬುದಷ್ಟೇ ಆಗಿನ ತಿಳಿವಳಿಕೆ. ನಮ್ಮಲ್ಲಿಯೂ ಮಕ್ಕಳನ್ನು ಹಿಡಿಯುವವರು ಬಂದಿದ್ದಾರೆಂದು ಹೆದರಿಸುವ ಪದ್ಧತಿ ಇದ್ದೇ ಇತ್ತಲ್ಲವೆ!

1984ರಲ್ಲಿ ಕೆನಡಾದ ರಾಷ್ಟ್ರೀಯ ಚಲನಚಿತ್ರ ಮಂಡಳಿ ಹೊರತಂದ 'ಫೀಲಿಂಗ್ ಯೆಸ್, ಫೀಲಿಂಗ್ ನೋ' ಎಂಬ ಚಿತ್ರಗಳು ಇದಕ್ಕಿಂತ ಮುಂದೆ ಹೋದವು. ಮೊಯಿರಾ ಸಿಂಪ್ಸನ್ ನಿರ್ದೇಶಿಸಿದ ಇವು ಮಕ್ಕಳ ಒಂದು ನಾಟಕತಂಡದ ಪ್ರಯೋಗವನ್ನು ಆಧರಿಸಿದ್ದವು. ಮಕ್ಕಳಿಗೆಂದು ಮೂರು ಭಾಗ, ಹಿರಿಯರಿಗೆಂದು ಪ್ರತ್ಯೇಕವಾಗಿ ಇನ್ನೊಂದು ಭಾಗ. ಮಗುವಿನ ಮನಸ್ಸಿಗೆ ಹಿತವೆನಿಸುವ ಸ್ಪರ್ಶ ಯಾವುದು, ಬೇಡವೆನಿಸುವುದು ಯಾವುದು ಎಂದು ಅದು ತಾನೇ ಗುರುತಿಸಿಕೊಳ್ಳಲಿ, ಬೇಡವೆನಿಸಿದಾಗ ಪರಿಚಿತರಿಗೂ ಬೇಡವೆನ್ನಲಿ ಎಂಬುದು ಅದರ ತಿರುಳು. ಹಿರಿಯರಿಗೂ ಪಾಠ ಬೇಕೆಂದು ಅವರು ಆಗಲೇ ಕಂಡುಕೊಂಡಿದ್ದರೆಂಬುದನ್ನು ನಾವು ಗಮನಿಸಬೇಕು.

2010ರಲ್ಲಿ ಯುರೋಪ್ ಕೌನ್ಸಿಲ್ ಆರಂಭಿಸಿದ ಅಭಿಯಾನದಲ್ಲಿ 'ಕಿಕೋ ಮತ್ತು ಕೈ' ಎಂಬ ಪುಟ್ಟ ಚಿತ್ರವೂ ಪುಸ್ತಕವೂ ಬಂದವು. ಒಂದು ಮಗು, ಅದರೊಡನೆ ಆಡುವ ಒಂದು ಕೈ. ತಲೆ ಮುಟ್ಟಲೇ, ಕೈ ಮುಟ್ಟಲೇ ಎಂದು ಕೇಳುತ್ತಾ ಹೋಗುವ ಆಟ ಒಳಉಡುಪಿನ ಹತ್ತಿರ ಬಂದಾಗ ಮಗು ಬೇಡವೆನ್ನುತ್ತದೆ. ಒಳಉಡುಪು ಮುಚ್ಚುವ ಭಾಗವನ್ನು ಇತರರು ಮುಟ್ಟಬಾರದು, ಇತರರದನ್ನು ತಾನೂ ಮುಟ್ಟಬಾರದು ಎಂಬ ಸರಳ ನಿಯಮ ಇದರಿಂದ ಮೂರು ವರ್ಷದ ಮಗುವಿಗೂ ಅರ್ಥವಾಗುತ್ತದೆ. ಈ ಚಿತ್ರವನ್ನು ಒಂದೇ ಭಾಷೆಯಲ್ಲಿ ಬಿಟ್ಟು ಸುಮ್ಮನಾಗಲಿಲ್ಲ, ಯುರೋಪಿನ ಹಲವಾರು ಭಾಷೆಗಳಿಗೆ ಒದಗಿಸಿದರು.

ನಮ್ಮ ದೇಶದಲ್ಲಿ ಹೆಸರಾದುದು 'ಕೋಮಲ್'. ಚೈಲ್ಡ್‌ಲೈನ್ ಸಂಸ್ಥೆಯ ಈ ವ್ಯಂಗ್ಯಚಿತ್ರ ರೂಪದ ಕಿರುಚಿತ್ರ ಸುಮಾರು ಹತ್ತು ನಿಮಿಷದ್ದು. 2014ರ ಸಾಲಿನ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಗಳಲ್ಲಿ ಶ್ರೇಷ್ಠ ಶೈಕ್ಷಣಿಕ ಚಿತ್ರದ ಗೌರವದಲ್ಲಿ ಇದಕ್ಕೆ ಪಾಲು ಸಂದಿದೆ. ಕೋಮಲ್ ಎಂಬ ಪುಟ್ಟ ಹುಡುಗಿಯ ನೆರೆಮನೆಗೆ ಬಕ್ಷಿ ಎಂಬ ಹಿರಿಯರು ಬಂದು ನೆಲೆಸುತ್ತಾರೆ. ನಗುನಗುತ್ತಾ ಮಾತಾಡುವ, ಜೊತೆಯಲ್ಲಿ ಆಡುವ ಮನುಷ್ಯ. ಮನೆಯವರಿಗೂ ಮಗುವಿಗೂ ಅಚ್ಚುಮೆಚ್ಚು. ಆ ನಂಬಿಕೆಯೇ ಅಪಾಯದ ಬಾಗಿಲಾಗುತ್ತದೆ. ಆಡಿಕೊಂಡಿದ್ದ ಹುಡುಗಿ ಮಂಕಾಗುತ್ತಾಳೆ. ಕೊನೆಗೆ ನಡೆದದ್ದನ್ನು ಹೇಳುತ್ತಾಳೆ, ಮನೆಯವರು ನಂಬುತ್ತಾರೆ. ಆಮೇಲೆ ಸುರಕ್ಷಿತ ಸ್ಪರ್ಶ ಯಾವುದು, ಅಸುರಕ್ಷಿತ ಸ್ಪರ್ಶ ಯಾವುದು ಎಂಬ ವಿವರಣೆ. ಕೆಟ್ಟವನ ಮುಖ ಕೆಟ್ಟದಾಗಿ ಇರುವುದಿಲ್ಲವೆಂಬುದನ್ನು ಈ ಚಿತ್ರ ಹೆದರಿಸದೆ ತಿಳಿಸುತ್ತದೆ. ಮಗುವಿನದೇನೂ ತಪ್ಪಿಲ್ಲವೆಂಬುದನ್ನೂ ಹೇಳುತ್ತದೆ.

ಕೇರಳದಲ್ಲಿ 2018ರಲ್ಲಿ ನಿರ್ದೇಶಕ ಜೂಡ್ ಆಂತನಿ ಜೋಸೆಫ್ ಅವರು ಕೊಚ್ಚಿಯ ಬೋಧಿನಿ ಸಂಸ್ಥೆಯ ಜೊತೆಗೂಡಿ 'ನೋ ಗೋ ಟೆಲ್' ಎಂಬ ಮಲೆಯಾಳ ಕಿರುಚಿತ್ರವನ್ನು ಮಾಡಿದರು. ಜನಪ್ರಿಯ ನಟ ನಿವಿನ್ ಪೌಳಿ ಅದರಲ್ಲಿ ಮಕ್ಕಳೊಡನೆ ಸಲಿಗೆಯಿಂದ ಮಾತಾಡುತ್ತಾ ಮೂರು ಮಾತುಗಳನ್ನು ಮನದಟ್ಟು ಮಾಡುತ್ತಾರೆ: ಬೇಡವೆನ್ನು, ಅಲ್ಲಿಂದ ಓಡು, ನಂಬಿಕೆಯವರಿಗೆ ಹೇಳು. ಬೆಳ್ಳಿತೆರೆಯಲ್ಲಿ ಕಂಡ ಮುಖವೇ ಹೀಗೆ ಹೇಳಿದರೆ ಮಕ್ಕಳ ಮನಸ್ಸಿನಲ್ಲಿ ಅದು ನಿಲ್ಲುತ್ತದೆ.

ಇವುಗಳಿಂದ ಪ್ರಯೋಜನ ಉಂಟೆ?

ಚಿತ್ರ ತೋರಿಸಿದ ಮಾತ್ರಕ್ಕೆ ಏನಾಗುತ್ತದೆ ಎಂದು ಕೇಳುವವರಿದ್ದಾರೆ. ಸಣ್ಣ ಮಕ್ಕಳ ಮನಸ್ಸು ಕದಡುವುದಿಲ್ಲವೆ ಎಂದು ಹಿಂಜರಿಯುವವರೂ ಇದ್ದಾರೆ. ಎರಡೂ ನ್ಯಾಯವಾದ ಪ್ರಶ್ನೆಗಳೇ. ಕೊಕ್ರೇನ್ ಎಂಬ ಅಂತಾರಾಷ್ಟ್ರೀಯ ಸಂಶೋಧನಾ ಸಂಸ್ಥೆ 2015ರಲ್ಲಿ ಇದಕ್ಕೆ ಉತ್ತರ ಹುಡುಕಿತು. ಶಾಲೆಗಳಲ್ಲಿ ಚಿತ್ರ, ನಾಟಕ, ಬೊಂಬೆಯಾಟ, ಹಾಡು, ಚರ್ಚೆ ಮುಂತಾದ ವಿಧಾನಗಳಿಂದ ಈ ಪಾಠ ಹೇಳಿಕೊಟ್ಟ 24 ಪ್ರಯೋಗಗಳನ್ನು, ಒಟ್ಟು 5,802 ಮಕ್ಕಳ ವಿವರಗಳನ್ನು ಅದು ಪರಿಶೀಲಿಸಿತು. ಪಾಠ ಕೇಳಿದ ಮಕ್ಕಳ ತಿಳಿವಳಿಕೆ ಹೆಚ್ಚಿತ್ತು. ಅವರಲ್ಲಿ ಭಯ, ಆತಂಕ ಹೆಚ್ಚಿದ ಲಕ್ಷಣ ಕಾಣಲಿಲ್ಲ. ಪಾಠವಿಲ್ಲದ ಕಡೆ ಸಾವಿರಕ್ಕೆ ಸುಮಾರು 4 ಮಕ್ಕಳು ತಮ್ಮ ಮೇಲೆ ನಡೆದ ದೌರ್ಜನ್ಯವನ್ನು ಹೇಳಿಕೊಂಡರೆ, ಪಾಠ ನಡೆದ ಕಡೆ ಸಾವಿರಕ್ಕೆ ಸುಮಾರು 14 ಮಕ್ಕಳು ಹೇಳಿಕೊಂಡರು. ಈ ಕೊನೆಯ ಲೆಕ್ಕವನ್ನು ಸ್ವಲ್ಪ ಎಚ್ಚರಿಕೆಯಿಂದ ನೋಡಬೇಕೆಂದು ಸಂಶೋಧಕರೇ ಹೇಳಿದ್ದಾರೆ. ದೌರ್ಜನ್ಯವೇ ಕಡಿಮೆಯಾಯಿತೆಂದು ಸಾಧಿಸಿ ತೋರಿಸಲೂ ಅವರಿಗೆ ಆಗಲಿಲ್ಲ.

ಇದರಿಂದ ನಾವು ತಿಳಿಯಬೇಕಾದುದು ಸ್ಪಷ್ಟ. ಕಿರುಚಿತ್ರ ನೋಡಿದ ಏಳು ವರ್ಷದ ಮಗು ದೊಡ್ಡ ಆಳನ್ನು ಎದುರಿಸಿ ನಿಲ್ಲುತ್ತದೆಂದು ಯಾರೂ ಆಶಿಸಬಾರದು. ಆ ಭಾರವನ್ನು ಮಗುವಿನ ಹೆಗಲಿಗೆ ಹಾಕುವುದು ಅನ್ಯಾಯ. ಚಿತ್ರದಿಂದ ಆಗುವ ಉಪಕಾರ ಬೇರೆ. ನಡೆದುದನ್ನು ಹೇಳಲು ಅದು ಮಗುವಿಗೆ ಮಾತು ಕೊಡುತ್ತದೆ, ಕೇಳಲು ಹಿರಿಯರ ಕಿವಿಯನ್ನು ತಯಾರು ಮಾಡುತ್ತದೆ. ಒಂದು ಬಾರಿ ನಡೆದದ್ದು ಹತ್ತು ಬಾರಿ ನಡೆಯದಂತೆ ತಡೆಯಲು ಮಗುವಿನ ಆ ಒಂದು ಮಾತು ಸಾಕಾಗಬಹುದು.

ಕೇರಳ ಹೈಕೋರ್ಟು ಕೂಡ 2022ರ ಆಗಸ್ಟ್‌ನಲ್ಲಿ, ಲೈಂಗಿಕ ದೌರ್ಜನ್ಯ ತಡೆಯ ಪಾಠವು ಶಾಲಾ ಪಠ್ಯಕ್ರಮದ ಕಡ್ಡಾಯ ಭಾಗವಾಗಬೇಕೆಂದು ರಾಜ್ಯ ಸರಕಾರಕ್ಕೂ ಕೇಂದ್ರೀಯ ಪ್ರೌಢ ಶಿಕ್ಷಣ ಮಂಡಳಿಗೂ ನಿರ್ದೇಶಿಸಿತು. ಹಾಗಾಗಿ ಇದು ಯಾರೋ ಕೆಲವರ ಹವ್ಯಾಸವಾಗಿ ಉಳಿದಿಲ್ಲ, ಶಾಲೆಯ ಹೊಣೆಯಾಗಿದೆ.

ಯಾವ ಭಾಷೆಯಲ್ಲಿ?

ಈಗ ನಮ್ಮ ಊರಿನ ಪ್ರಶ್ನೆಗೆ ಬರೋಣ. 2012ರ ಮೇ 13ರಂದು ಆಮಿರ್ ಖಾನ್ ಅವರ 'ಸತ್ಯಮೇವ ಜಯತೆ' ದೂರದರ್ಶನ ಕಾರ್ಯಕ್ರಮದ ಎರಡನೆಯ ಕಂತು ಪ್ರಸಾರವಾಯಿತು. ವಿಷಯ ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ. ಅದರಲ್ಲಿ ಮಕ್ಕಳನ್ನು ಸುತ್ತ ಕೂರಿಸಿಕೊಂಡು ಸುರಕ್ಷತೆಯ ಪಾಠ ಹೇಳಿಕೊಟ್ಟ ಭಾಗವೂ ಇತ್ತು. ದೇಶವೇ ಅದನ್ನು ಮಾತಾಡಿತು. ಕಾರ್ಯಕ್ರಮವು ಮಲೆಯಾಳ, ತಮಿಳು, ತೆಲುಗು, ಮರಾಠಿ, ಬಂಗಾಳಿ ಭಾಷೆಗಳಲ್ಲಿಯೂ ಪ್ರಸಾರವಾಯಿತು. ಕನ್ನಡದಲ್ಲಿ ಆಗಲಿಲ್ಲ. ಡಬ್ಬಿಂಗ್ ಕೂಡದೆಂಬ ಕನ್ನಡ ಚಿತ್ರರಂಗದ ವಿರೋಧ ಅದಕ್ಕೆ ಕಾರಣ. ಆ ವಿರೋಧದ ಹಿಂದೆ ಕಲಾವಿದರ ಅನ್ನದ ಪ್ರಶ್ನೆಯಿತ್ತು, ಅದನ್ನು ನಾವು ಲಘುವಾಗಿ ಕಾಣುವುದಿಲ್ಲ. ಆದರೆ ಅದರ ಫಲವೇನಾಯಿತು? ಒಂದೇ ರಸ್ತೆಯ ಈಚೆ ಮನೆಯ ಮಲೆಯಾಳಿ ತಾಯಿ ತನ್ನ ಭಾಷೆಯಲ್ಲಿ ಕೇಳಿದ ಮಾತನ್ನು ಆಚೆ ಮನೆಯ ಕನ್ನಡ ತಾಯಿ ತನ್ನ ಭಾಷೆಯಲ್ಲಿ ಕೇಳಲಾಗಲಿಲ್ಲ. ಡಬ್ಬಿಂಗಿಗೆ ತಡೆಯೊಡ್ಡುವುದು ತಪ್ಪೆಂದು ಭಾರತೀಯ ಸ್ಪರ್ಧಾ ಆಯೋಗ 2015ರಲ್ಲಿ ತೀರ್ಪಿತ್ತಿತು.

ಮಂಜೇಶ್ವರ, ಕುಂಬಳೆ, ಬದಿಯಡ್ಕ, ಮುಳ್ಳೇರಿಯ ಕಡೆಯ ಒಂದು ಮಗುವಿನ ದಿನಚರಿಯನ್ನು ಯೋಚಿಸಿ ನೋಡಿ. ಮನೆಯಲ್ಲಿ ತುಳು, ಕೊಂಕಣಿ, ಮರಾಠಿ, ಬ್ಯಾರಿ, ಹವ್ಯಕ ಕನ್ನಡ ಇವುಗಳಲ್ಲಿ ಒಂದು. ಶಾಲೆಯಲ್ಲಿ ಕನ್ನಡ. ಬಸ್ಸಿನಲ್ಲಿ, ಅಂಗಡಿಯಲ್ಲಿ, ಆಸ್ಪತ್ರೆಯಲ್ಲಿ ಮಲೆಯಾಳ. ಇಷ್ಟು ಭಾಷೆಗಳನ್ನು ನಮ್ಮ ಮಕ್ಕಳು ಲೀಲಾಜಾಲವಾಗಿ ಆಡುತ್ತಾರೆಂದು ನಾವು ಹೆಮ್ಮೆಪಡುತ್ತೇವೆ, ಅದು ಸಹಜವೂ ಹೌದು. ಆದರೆ ಹೆದರಿದ ಮಗು ಎಲ್ಲ ಭಾಷೆಗಳಲ್ಲಿಯೂ ಹೆದರಿಕೆಯನ್ನು ಹೇಳಲಾರದು. ದೇಹದ ಗುಪ್ತಭಾಗಗಳಿಗೆ ಅದಕ್ಕೆ ಗೊತ್ತಿರುವ ಹೆಸರು ಅಮ್ಮ ಮೀಯಿಸುವಾಗ ಹೇಳಿದ ಹೆಸರು ಮಾತ್ರ. ಆ ಶಬ್ದ ಪಾಠಪುಸ್ತಕದಲ್ಲಿಲ್ಲ, ಮಲೆಯಾಳ ಬಲ್ಲ ಅಧಿಕಾರಿಗೆ ತಿಳಿಯುವುದೂ ಇಲ್ಲ. ಹಣ್ಣು ಕೊಳ್ಳುವಷ್ಟು ಮಲೆಯಾಳ ಬಂದರೆ ಇಂತಹ ನೋವನ್ನು ಹೇಳುವಷ್ಟು ಮಲೆಯಾಳ ಬರುತ್ತದೆಂದು ಭಾವಿಸುವುದು ತಪ್ಪು.

ಆದುದರಿಂದ ಮಲೆಯಾಳದ ಒಳ್ಳೆಯ ಚಿತ್ರಗಳನ್ನು ನಮ್ಮ ಮಕ್ಕಳಿಗೆ ತೋರಿಸಬಾರದೆಂದಲ್ಲ, ಖಂಡಿತ ತೋರಿಸಬಹುದು. ಆದರೆ ಅಲ್ಲಿಗೇ ನಿಂತರೆ ಸಾಲದು. ಪ್ರಾಥಮಿಕ ಹಂತದಲ್ಲಿ ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಮಾತೃಭಾಷೆಯಲ್ಲಿ ಶಿಕ್ಷಣ ಸೌಕರ್ಯ ಒದಗಿಸಲು ಪ್ರಯತ್ನಿಸಬೇಕೆಂದು ಸಂವಿಧಾನದ 350ಎ ವಿಧಿ ಹೇಳುತ್ತದೆ. ಕಾಸರಗೋಡು ಕೇರಳಕ್ಕೆ ಸೇರಿದ 1956ರಲ್ಲಿಯೇ ಆ ವಿಧಿಯೂ ಸಂವಿಧಾನಕ್ಕೆ ಸೇರಿತು. ಗಣಿತಕ್ಕೂ ವಿಜ್ಞಾನಕ್ಕೂ ಸಲ್ಲುವ ಈ ತತ್ವ ದೇಹರಕ್ಷಣೆಯ ಪಾಠಕ್ಕೆ ಇನ್ನೂ ಹೆಚ್ಚಾಗಿ ಸಲ್ಲಬೇಕು. ಸೌಕರ್ಯವಿಲ್ಲವೆಂದು ಹೇಳುವಂತೆಯೂ ಇಲ್ಲ. 2020ರಲ್ಲಿ ಮಹಾಮಾರಿಯಿಂದ ಶಾಲೆಗಳು ಮುಚ್ಚಿದ್ದಾಗ ಕೇರಳದ 'ಫಸ್ಟ್ ಬೆಲ್' ಪಾಠಗಳು ಮಲೆಯಾಳದ ಜೊತೆಗೆ ಕನ್ನಡ, ತಮಿಳು ಮಾಧ್ಯಮಗಳಲ್ಲಿಯೂ ತಯಾರಾಗಿದ್ದವು. ಅಂದು ಆದದ್ದು ಇಂದು ಹತ್ತು ನಿಮಿಷದ ಚಿತ್ರಕ್ಕೆ ಏಕೆ ಆಗಬಾರದು?

ಕಾಯಿದೆಯಲ್ಲಿಯೇ ಇರುವ ಹಕ್ಕು

ಚಿತ್ರ ನೋಡಿದ ಮಗು ಬಾಯಿ ಬಿಟ್ಟಿತೆನ್ನೋಣ. ಮುಂದೇನು? ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ 2012ರ ಕಾಯಿದೆ, ಜನ 'ಪೋಕ್ಸೋ' ಎಂದು ಕರೆಯುವ ಕಾನೂನು, ಆ ವರ್ಷದ ನವೆಂಬರ್ 14ರಂದು ಜಾರಿಗೆ ಬಂತು. 18 ವರ್ಷ ತುಂಬದ ಎಲ್ಲರೂ, ಹುಡುಗ ಹುಡುಗಿ ಎಂಬ ಭೇದವಿಲ್ಲದೆ, ಇದರ ರಕ್ಷಣೆಗೆ ಒಳಪಡುತ್ತಾರೆ. ಅಪರಾಧ ನಡೆದುದು ತಿಳಿದವರು ಪೋಲೀಸರಿಗೆ ತಿಳಿಸಲೇಬೇಕು. ತಿಳಿಸದಿದ್ದರೆ ಆರು ತಿಂಗಳವರೆಗೆ ಸಜೆಯಾಗಬಹುದು. ಮಗುವಿನ ಹೇಳಿಕೆಯನ್ನು ಅದರ ಮನೆಯಲ್ಲಿ ಅಥವಾ ಅದಕ್ಕೆ ಇಷ್ಟವಾದ ಜಾಗದಲ್ಲಿ, ಆದಷ್ಟು ಮಟ್ಟಿಗೆ ಸಬ್ ಇನ್ಸ್‌ಪೆಕ್ಟರ್ ದರ್ಜೆಗೆ ಕಡಿಮೆಯಲ್ಲದ ಮಹಿಳಾ ಅಧಿಕಾರಿಯೇ ಬರೆದುಕೊಳ್ಳಬೇಕು. ಆಗ ಸಮವಸ್ತ್ರ ಧರಿಸಿರಬಾರದು. ಮಗುವನ್ನು ರಾತ್ರಿ ಠಾಣೆಯಲ್ಲಿ ಇರಿಸಿಕೊಳ್ಳುವಂತಿಲ್ಲ.

ನಮ್ಮ ಜಿಲ್ಲೆಯ ಮಟ್ಟಿಗೆ ಬಹು ಮುಖ್ಯವಾದ ಮಾತು 19ನೆಯ ಕಲಮಿನಲ್ಲಿದೆ. ಹೇಳಿಕೆಯನ್ನು ಬರೆದುಕೊಳ್ಳುವ ಭಾಷೆ ಮಗುವಿಗೆ ತಿಳಿಯದಿದ್ದರೆ ಅನುವಾದಕರನ್ನೋ ದುಭಾಷಿಗಳನ್ನೋ ಒದಗಿಸಬೇಕೆಂದು ಅದು ವಿಧಿಸುತ್ತದೆ. ನ್ಯಾಯಾಲಯದಲ್ಲಿ ಸಾಕ್ಷ್ಯ ಹೇಳುವಾಗಲೂ 38ನೆಯ ಕಲಮಿನಂತೆ ಈ ನೆರವು ಲಭ್ಯ. 2020ರ ನಿಯಮಗಳಂತೆ ಇಂತಹ ದುಭಾಷಿಗಳ ಒಂದು ಪಟ್ಟಿಯನ್ನು ಪ್ರತಿ ಜಿಲ್ಲೆಯ ಮಕ್ಕಳ ರಕ್ಷಣಾ ಘಟಕ ಇಟ್ಟುಕೊಂಡಿರಬೇಕು. ದುಭಾಷಿಯಾಗಲು ದೊಡ್ಡ ಪದವಿಯೇ ಬೇಕೆಂದಿಲ್ಲ. ಮಗುವಿನ ಭಾಷೆಯೂ ರಾಜ್ಯದ ಅಧಿಕೃತ ಭಾಷೆಯೂ ಬಳಕೆಯಲ್ಲಿದ್ದರೆ ಸಾಕು. ಆ ಪರಿಚಯ ಮಾತೃಭಾಷೆಯಿಂದಲೋ, ಕನಿಷ್ಠ ಪ್ರಾಥಮಿಕ ಶಾಲೆಯ ಮಾಧ್ಯಮದಿಂದಲೋ, ಉದ್ಯೋಗದಿಂದಲೋ, ಆ ಭಾಷೆಯಾಡುವ ಪ್ರದೇಶದ ವಾಸದಿಂದಲೋ ಬಂದಿರಬಹುದು.

ಇದನ್ನು ಓದುತ್ತಿರುವ ನಿವೃತ್ತ ಅಧ್ಯಾಪಕ ಅಧ್ಯಾಪಿಕೆಯರೇ, ಅಂಚೆ ಕಚೇರಿಯಲ್ಲಿಯೋ ಬ್ಯಾಂಕಿನಲ್ಲಿಯೋ ದುಡಿದು ಮನೆಯಲ್ಲಿರುವ ಅಮ್ಮಂದಿರೇ, ಕನ್ನಡ, ತುಳು, ಮಲೆಯಾಳ ಮೂರನ್ನೂ ಬಲ್ಲವರು ನಿಮ್ಮಲ್ಲಿ ಎಷ್ಟೋ ಮಂದಿ ಇದ್ದೀರಿ. ನಿಮ್ಮ ಹೆಸರು ಆ ಪಟ್ಟಿಯಲ್ಲಿದೆಯೇ? ಇಲ್ಲವಾದರೆ ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಹೋಗಿ ವಿಚಾರಿಸಿ. ಭಾಷೆಗಾಗಿ ನಾವು ಮಾಡಿದ ಮೆರವಣಿಗೆಗಳಷ್ಟೇ ಈ ಸೇವೆಯೂ ಬೆಲೆಯುಳ್ಳದ್ದು.

ತೋರಿಸುವ ಮುನ್ನ, ತೋರಿಸಿದ ಮೇಲೆ

ಚಿತ್ರ ತೋರಿಸುವವರಿಗೆ ಕೆಲವು ಸೂಚನೆಗಳು ಅಗತ್ಯ. ಮೊದಲನೆಯದಾಗಿ, ಮಕ್ಕಳಿಗೆ ತೋರಿಸುವ ಮೊದಲು ಅದೇ ಚಿತ್ರವನ್ನು ಹೆತ್ತವರಿಗೂ ಅಧ್ಯಾಪಕರಿಗೂ ತೋರಿಸಬೇಕು. ರಕ್ಷಕ ಶಿಕ್ಷಕ ಸಂಘದ ಸಭೆಯೇ ಇದಕ್ಕೆ ತಕ್ಕ ಸ್ಥಳ. ತಾಯಂದಿರು ಮಾತ್ರ ಬಂದರೆ ಸಾಲದು, ತಂದೆಯರೂ ಬರಬೇಕು.

ಎರಡನೆಯದು, ಚಿತ್ರದ ಆಯ್ಕೆ. ದೌರ್ಜನ್ಯವನ್ನೇ ಬಿಚ್ಚಿ ತೋರಿಸುವ, ಕರುಳು ಹಿಂಡುವ ಸಂಗೀತ ಹಾಕಿ ಅಳಿಸುವ ಚಿತ್ರಗಳು ಹಿರಿಯರಿಗಾಗಿ ಮಾಡಿದವು, ಮಕ್ಕಳಿಗೆ ಅವು ಬೇಡ. ಅಪರಾಧಿ ಯಾವಾಗಲೂ ಅಪರಿಚಿತ, ಬಡವ, ಬೇರೆ ಊರಿನವ ಎಂದು ತೋರಿಸುವ ಚಿತ್ರ ಸುಳ್ಳನ್ನು ಕಲಿಸುತ್ತದೆ. ಹುಡುಗಿ ಹಾಗೆ ಹೋಗಬಾರದಿತ್ತು, ಹಾಗೆ ಉಡುಪು ತೊಡಬಾರದಿತ್ತು ಎಂಬ ಧ್ವನಿಯಿದ್ದರೆ ಅಂತಹ ಚಿತ್ರವನ್ನು ಪಕ್ಕಕ್ಕಿಡಿ. ಹುಡುಗರಿಗೂ ಅಪಾಯವುಂಟೆಂದು ಹೇಳುವ ಚಿತ್ರ ಸಿಕ್ಕಿದರೆ ಲೇಸು. 'ಒಳ್ಳೆಯ ಸ್ಪರ್ಶ, ಕೆಟ್ಟ ಸ್ಪರ್ಶ' ಎನ್ನುವುದಕ್ಕಿಂತ 'ಸುರಕ್ಷಿತ, ಅಸುರಕ್ಷಿತ' ಎನ್ನುವುದು ಮೇಲು. ಕೆಟ್ಟದ್ದೆಂದರೆ ತಾನೇ ಕೆಟ್ಟವಳಾದೆನೆಂದು ಮಗು ತಿಳಿದುಕೊಳ್ಳಬಹುದು.

ಮೂರನೆಯದು, ಚಿತ್ರ ಮುಗಿದ ಕೂಡಲೆ ಗಂಟೆ ಬಾರಿಸಿ ಮಕ್ಕಳನ್ನು ಕಳುಹಿಸಬಾರದು. ಕುಳಿತು ಮಾತಾಡಬೇಕು. ನಿನಗೆ ಏನಾದರೂ ಆದರೆ ಯಾರಲ್ಲಿ ಹೇಳುತ್ತೀ ಎಂದು ಕೇಳಿ ಐದು ಹೆಸರು ಹೇಳಿಸಬೇಕು. ಒಬ್ಬರು ನಂಬದಿದ್ದರೆ ಇನ್ನೊಬ್ಬರಿಗೆ, ಅವರೂ ನಂಬದಿದ್ದರೆ ಮತ್ತೊಬ್ಬರಿಗೆ ಹೇಳು ಎಂದು ಕಲಿಸಬೇಕು. ಆ ಮಾತುಕತೆ ಮಗುವಿನ ಮನೆಮಾತಿನಲ್ಲಿಯೇ ಇರಲಿ. ಚಿತ್ರ ಕನ್ನಡದಲ್ಲಿದ್ದರೂ ಮಾತು ತುಳುವಿನಲ್ಲಿ ನಡೆದರೆ ತಪ್ಪೇನಿಲ್ಲ. ಶಾಲೆಯ ಆಪ್ತ ಸಮಾಲೋಚಕಿಗೆ ಕನ್ನಡ ಬರುತ್ತದೆಯೇ ಎಂದು ಕೇಳುವ ಹಕ್ಕು ಹೆತ್ತವರಿಗಿದೆ. ಬಾರದಿದ್ದರೆ ಬಲ್ಲವರೊಬ್ಬರು ಆ ದಿನ ಜೊತೆಗಿರುವಂತೆ ಏರ್ಪಾಡು ಮಾಡಬೇಕು.

ನಾಲ್ಕನೆಯದು ಎಲ್ಲಕ್ಕಿಂತ ಮುಖ್ಯ. ಚಿತ್ರ ನೋಡಿದ ಮಗು ಸಂಜೆ ಬಂದು ಏನಾದರೂ ಹೇಳಿದರೆ ಹೇಗೆ ಕೇಳಬೇಕು? ಗಾಬರಿಯಿಂದ ಕೂಗಾಡಬೇಡಿ. "ಯಾಕೆ ಮೊದಲೇ ಹೇಳಲಿಲ್ಲ?" ಎಂದು ಗದರಬೇಡಿ. ಹತ್ತು ಜನರ ಮುಂದೆ ಹತ್ತು ಸಲ ಹೇಳಿಸಬೇಡಿ. ಯಾರಿಗೂ ಹೇಳುವುದಿಲ್ಲವೆಂದು ಮಾತು ಕೊಡಬೇಡಿ, ಏಕೆಂದರೆ ತಿಳಿಸಬೇಕಾದವರಿಗೆ ತಿಳಿಸಲೇಬೇಕಾಗುತ್ತದೆ. "ನೀನು ಹೇಳಿದ್ದು ಒಳ್ಳೆಯದಾಯಿತು ಮಗಾ, ನಿನ್ನದು ಏನೂ ತಪ್ಪಿಲ್ಲ, ನಾವಿದ್ದೇವೆ" ಎಂಬ ಮಾತು ಮೊದಲು ಬರಲಿ. ಆಮೇಲೆ ಮಕ್ಕಳ ಸಹಾಯವಾಣಿ 1098ಕ್ಕೋ ಪೋಲೀಸ್ ಸಹಾಯಕ್ಕೆ 112ಕ್ಕೋ ಫೋನು ಮಾಡಿ. ಕುಟುಂಬದ ಮಾನ ಹೋದೀತೆಂದು ಹಿರಿಯರನ್ನು ಕೂಡಿಸಿ ಒಳಗಿಂದೊಳಗೇ ಪಂಚಾಯತಿ ಮಾಡಿ ಮುಗಿಸುವ ಪದ್ಧತಿಯನ್ನು ಇನ್ನಾದರೂ ಬಿಡಬೇಕು. ಅದು ಕಾನೂನಿಗೂ ವಿರುದ್ಧ, ಮಗುವಿಗೂ ದ್ರೋಹ. ಮಾನ ಹೋಗಬೇಕಾದುದು ತಪ್ಪು ಮಾಡಿದವನದು.

ಮಗುವಿನ ಹೆಸರು, ಮನೆ, ಶಾಲೆ, ಚಿತ್ರ ಯಾವುದನ್ನೂ ಪತ್ರಿಕೆಗಳು ಪ್ರಕಟಿಸಕೂಡದೆಂದು ಕಾಯಿದೆಯ 23ನೆಯ ಕಲಮು ನಿಷೇಧಿಸಿದೆ. ಪತ್ರಿಕೆಯವರಾದ ನಮಗೆ ಇದು ಕಟ್ಟುಪಾಡು. ವಾಟ್ಸಪ್ಪಿನಲ್ಲಿ ಸುದ್ದಿ ಹಂಚುವವರೂ ಇದನ್ನು ಮರೆಯಬಾರದು. ನಮ್ಮಂತಹ ಸಣ್ಣ ಊರುಗಳಲ್ಲಿ ಹೆಸರು ಹೇಳಬೇಕೆಂದೇ ಇಲ್ಲ, ಬಸ್ ನಿಲ್ದಾಣದ ಹೆಸರು ಹೇಳಿದರೂ ಮನೆ ಯಾವುದೆಂದು ಗೊತ್ತಾಗಿಬಿಡುತ್ತದೆ.

ನಮ್ಮವರು ಏನು ಮಾಡಬಹುದು?

ಕಿರುಚಿತ್ರ ಮಾಡುವ ಉತ್ಸಾಹ ನಮ್ಮ ಯುವಕ ಯುವತಿಯರಲ್ಲಿ ಈಗ ಧಾರಾಳವಾಗಿದೆ. ಕಿಸೆಯಲ್ಲಿರುವ ಫೋನಿನಲ್ಲಿಯೇ ಕ್ಯಾಮರಾ ಇದೆ. ಓಣಂ, ದಸರಾ ಹಬ್ಬಗಳಿಗೆ ಹಾಸ್ಯಚಿತ್ರ ಮಾಡುವವರು ಒಮ್ಮೆ ಈ ವಿಷಯವನ್ನು ಎತ್ತಿಕೊಳ್ಳಲಿ. ಅಡಿಕೆ ಅಂಗಳ, ಶಾಲೆಯ ಜಗಲಿ, ಬೀಡಿ ಕಟ್ಟುವ ಅಮ್ಮ, ಸಂಜೆಯ ಟ್ಯೂಷನ್ನು, ಇವೆಲ್ಲ ಇರುವ ಚಿತ್ರವನ್ನು ನಮ್ಮ ಮಗು ತನ್ನದೆಂದು ನೋಡುತ್ತದೆ. ಆದರೆ ಎಚ್ಚರಿಕೆ ಬೇಕು. ನಡೆದ ಪ್ರಕರಣವನ್ನೇ ಕತೆ ಮಾಡಬೇಡಿ. ಪಾತ್ರ ಮಾಡುವ ಮಗುವಿನಿಂದ ದೌರ್ಜನ್ಯದ ದೃಶ್ಯವನ್ನು ಆಡಿಸಬೇಡಿ. ಬೊಂಬೆಯಿಂದ, ರೇಖಾಚಿತ್ರದಿಂದ, ಒಂದು ಮುಚ್ಚಿದ ಬಾಗಿಲಿನಿಂದ ಹೇಳಬೇಕಾದುದನ್ನು ಹೇಳಬಹುದು. ಕತೆ ಬರೆದ ಮೇಲೆ ಮಕ್ಕಳ ವೈದ್ಯರಿಗೋ ಅನುಭವವುಳ್ಳ ಸಮಾಲೋಚಕರಿಗೋ ತೋರಿಸಿ ಅಭಿಪ್ರಾಯ ಪಡೆಯಿರಿ. ಬೊಂಬೆಯಾಟ, ಯಕ್ಷಗಾನ ಬಲ್ಲ ನಾಡಿನಲ್ಲಿ ಇದಕ್ಕೆ ಕಲಾವಿದರ ಕೊರತೆಯಿಲ್ಲ.

ತೋರಿಸಲು ಜಾಗಗಳೂ ನಮ್ಮಲ್ಲಿವೆ. ಶಾಲೆಯ ತರಗತಿ, ಅಂಗನವಾಡಿ, ಊರಿನ ಗ್ರಂಥಾಲಯ, ಕುಟುಂಬಶ್ರೀ ಸಭೆ, ಭಜನಾ ಮಂದಿರ, ಮದರಸ, ಇಗರ್ಜಿಯ ಸಭಾಭವನ. ಧರ್ಮ, ಜಾತಿ, ಪಕ್ಷಗಳ ಭೇದವಿಲ್ಲದೆ ಎಲ್ಲ ಹೆತ್ತವರೂ ಒಟ್ಟಿಗೆ ಕುಳಿತು ನೋಡಬಹುದಾದ ಚಿತ್ರವೊಂದಿದ್ದರೆ ಅದು ಇದೇ. ಗ್ರಾಮಪಂಚಾಯತುಗಳು ಮನಸ್ಸು ಮಾಡಿದರೆ ವರ್ಷಕ್ಕೆ ಎರಡು ಬಾರಿ ಇದನ್ನು ನಡೆಸುವುದು ಕಷ್ಟವೇನಲ್ಲ.

ಕನ್ನಡ ಉಳಿಯಬೇಕೆಂದು ನಾವು ಈ ನೆಲದಲ್ಲಿ ಹಲವು ದಶಕಗಳಿಂದ ಕೇಳುತ್ತಾ ಬಂದಿದ್ದೇವೆ. ಕಚೇರಿಯ ಫಲಕಕ್ಕಾಗಿ, ಅರ್ಜಿ ನಮೂನೆಗಾಗಿ, ಅಧ್ಯಾಪಕರ ನೇಮಕಕ್ಕಾಗಿ ಕೇಳಿದ್ದೇವೆ, ಇನ್ನೂ ಕೇಳುತ್ತೇವೆ. ಆ ಬೇಡಿಕೆಗಳ ಪಟ್ಟಿಯಲ್ಲಿ ಇದೂ ಒಂದು ಸೇರಲಿ. ನಮ್ಮ ಮಗು ತನಗಾದ ನೋವನ್ನು ತನ್ನ ಭಾಷೆಯಲ್ಲಿ ಹೇಳುವಂತಾಗಬೇಕು, ಕೇಳುವವರಿಗೆ ಆ ಭಾಷೆ ತಿಳಿದಿರಬೇಕು. ಈ ಶಾಲಾವರ್ಷ ಮುಗಿಯುವ ಮುನ್ನ ನಮ್ಮ ಪ್ರತಿಯೊಂದು ಕನ್ನಡ ಶಾಲೆಯಲ್ಲಿಯೂ ಒಮ್ಮೆಯಾದರೂ ಇಂತಹ ಚಿತ್ರ ಪ್ರದರ್ಶನ ನಡೆಯಲಿ, ಅದರ ಮುಂದಿನ ಸಾಲಿನಲ್ಲಿ ಹೆತ್ತವರು ಕುಳಿತಿರಲಿ ಎಂದು ನಾವು ಆಶಿಸುತ್ತೇವೆ.